ಕಾಯಲಾರದವರ ಬಡ್ಡಿ

36 ವರ್ಷ ಬ್ಯಾಂಕಿನ ಲೆಡ್ಜರುಗಳ ಮೇಲೆ ಕಣ್ಣು ಸವೆಸಿದ ನಾವು ನಮ್ಮದೇ ಪಾಸ್‌ಬುಕ್ಕನ್ನು ಮೂರು ತಿಂಗಳು ತೆರೆದು ನೋಡಲಿಲ್ಲವೆಂದರೆ ಹಳೆಯ ಸಹೋದ್ಯೋಗಿಗಳು ನಂಬಲಾರರು. ಆದರೆ ನಡೆದದ್ದು ಹಾಗೆಯೇ. ಕಳೆದ ಚೌತಿಗೆ ನಾಲ್ಕು ದಿನ ಮುಂಚೆ ಶಾಖೆಗೆ ಹೋಗಿ ಯಂತ್ರದ ಬಾಯಿಗೆ ಪುಸ್ತಕ ಕೊಟ್ಟರೆ, ಅದು ಕರಕರನೆ ಎರಡು ಪುಟ ತುಂಬಿಸಿ ಹೊರಕ್ಕೆ ತಳ್ಳಿತು. ಪಿಂಚಣಿ, ಲೈಟಿನ ಬಿಲ್ಲು, ಔಷಧಿ ಅಂಗಡಿ ಎಲ್ಲ ಸರಿಯೇ. ನಡುನಡುವೆ ಮಾತ್ರ ನಮಗೆ ಗುರುತಿಲ್ಲದ ಕಲಮುಗಳು. 89 ರೂಪಾಯಿ, ಮತ್ತೆ 89, ಮತ್ತೆ 89. ಆಮೇಲೆ 179, 449. ಕೊನೆಗೊಂದು 899. ಡೊಂಬಿವಲಿಯ ಆ ಶಾಖೆಯ ಬೆಂಚಿನ ಮೇಲೆಯೇ ಕುಳಿತು ಪೆನ್ಸಿಲಿನಿಂದ ಕೂಡಿಸಿದೆವು. 23 ಕಲಮು, ಒಟ್ಟು 4,387 ರೂಪಾಯಿ.

ಕಳ್ಳ ಹೊರಗಿನವನಲ್ಲ. ಮನೆಯ ಬಿಲ್ಲುಗಳನ್ನೆಲ್ಲ ನಮ್ಮ ಫೋನಿನಿಂದ ಕಟ್ಟುವವನು ಹದಿನಾಲ್ಕು ವರ್ಷದ ನಮ್ಮ ಮೊಮ್ಮಗ. ಯುಪಿಐ ಗುಟ್ಟಿನ ಅಂಕಿಯನ್ನು ಅವನಿಗೆ ಹೇಳಿಕೊಟ್ಟವರೂ ನಾವೇ. ಕನ್ನಡಕ ಹುಡುಕುವ ಸೋಮಾರಿತನಕ್ಕೆ. ಅವನು ತನ್ನ ಆಟಕ್ಕೂ ಅದೇ ಅಂಕಿಯನ್ನು ಬಳಸಿದ್ದ.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ವಿಸ್ತರಿಸುವುದು ಬೇಡ. ಮಗ ಫೋನನ್ನು ಒಡೆದುಹಾಕುತ್ತೇನೆಂದ. ಸೊಸೆ ಅತ್ತಳು. ನಮ್ಮ ಮನೆಯಾಕೆ ಮಾತ್ರ, "ಮಗು ಊಟ ಮಾಡಲಿ, ಆಮೇಲೆ ಬಯ್ಯಿ" ಎಂದಳು. ಎಲ್ಲ ತಣ್ಣಗಾದ ಮೇಲೆ ನಾವು ಹುಡುಗನನ್ನು ಬಾಲ್ಕನಿಗೆ ಕರೆದು ಕೇಳಿದೆವು: "ಇಷ್ಟು ದುಡ್ಡು ಕೊಟ್ಟು ಏನು ಕೊಂಡೆ ಮಾರಾಯ? ಕೈಯಲ್ಲಿ ಒಂದು ವಸ್ತುವೂ ಕಾಣುವುದಿಲ್ಲವಲ್ಲ?"

ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: "ಟೈಮ್ ಕೊಂಡೆ ಅಜ್ಜ."

ಆ ಉತ್ತರ ನಮ್ಮನ್ನು ಎರಡು ದಿನ ಕಾಡಿತು. ಮೂರನೆಯ ದಿನ, ಓದುಗರು ನಗಬಾರದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾವೂ ನಮ್ಮ ಫೋನಿಗೆ ಒಂದು ಯುದ್ಧದ ಆಟವನ್ನು ಇಳಿಸಿಕೊಂಡೆವು. ಹುಡುಗ ಆಡುವುದನ್ನಲ್ಲ, ಅದರ ಹೆಸರು ಇಲ್ಲಿ ಬೇಡ. ಆ ಜಾತಿಯ ಆಟಗಳಿಗೆಲ್ಲ ಹಿರಿಯಣ್ಣನಂತಿರುವ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಎಂಬುದನ್ನು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 2010ರಲ್ಲಿ ಹುಟ್ಟಿದ ಸೂಪರ್‌ಸೆಲ್ ಎಂಬ ಕಂಪನಿ 2012ರ ಆಗಸ್ಟಿನಲ್ಲಿ ಅದನ್ನು ಹೊರತಂದಿತು. ಇಳಿಸಿಕೊಳ್ಳಲು ಒಂದು ಕಾಸೂ ಕೊಡಬೇಕಿಲ್ಲ.

ನಮಗೊಂದು ಪುಟ್ಟ ಊರು ಸಿಕ್ಕಿತು. ನಡುವೆ ಚಾವಡಿ, ಪಕ್ಕದಲ್ಲಿ ಚಿನ್ನದ ಗಣಿ, ಕಷಾಯದಂಥ ಬಣ್ಣದ ನೀರೆತ್ತುವ ಒಂದು ಯಂತ್ರ, ಸುತ್ತ ಗೋಡೆ, ಕೆಲಸಕ್ಕೆ ಇಬ್ಬರು ಮೇಸ್ತ್ರಿಗಳು. ಖರ್ಚಿಗೆಂದು ಒಂದಿಷ್ಟು ಹಸಿರು ರತ್ನಗಳು ಪುಕ್ಕಟೆ. ಮೊದಲ ಕಟ್ಟಡಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಎದ್ದವು. ಊರಿನಲ್ಲಿ ಹೊಸ ಮನೆ ಕಟ್ಟಲು ಎರಡು ಮಳೆಗಾಲ ಮೇಸ್ತ್ರಿಯ ಹಿಂದೆ ಅಲೆದವರಿಗೆ ಇದಕ್ಕಿಂತ ಸುಖ ಉಂಟೆ? ಆದರೆ ಚಾವಡಿ ಎತ್ತರವಾದಂತೆ ಮೇಸ್ತ್ರಿಯ ವರಸೆ ಬದಲಾಯಿತು. ಹತ್ತು ಸೆಕೆಂಡಿನ ಕೆಲಸ ಹತ್ತು ನಿಮಿಷವಾಯಿತು, ಆಮೇಲೆ ಗಂಟೆಗಳಾದವು, ಆಮೇಲೆ ದಿನಗಳಾದವು. ಇಬ್ಬರೂ ಮೇಸ್ತ್ರಿಗಳು ಕೆಲಸದಲ್ಲಿದ್ದರೆ ಮೂರನೆಯ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಮೂರನೆಯ ಮೇಸ್ತ್ರಿ ಬೇಕೆ? ರತ್ನ ಕೊಡಿ. ಕೆಲಸ ಈಗಲೇ ಮುಗಿಯಬೇಕೆ? ರತ್ನ ಕೊಡಿ. ಮರ ಕಡಿದು, ಕಲ್ಲು ತೆಗೆದು ಹನಿಹನಿಯಾಗಿ ರತ್ನ ಕೂಡಿಸಬಹುದು. ಅವಸರದವರಿಗೆ ಅಂಗಡಿ ಇದೆ, ಅಲ್ಲಿ ರೂಪಾಯಿ ಕೊಟ್ಟರೆ ಚೀಲಗಟ್ಟಲೆ ಸಿಗುತ್ತದೆ.

ಹುಡುಗ "ಟೈಮ್ ಕೊಂಡೆ" ಎಂದದ್ದರ ಅರ್ಥ ಅಲ್ಲಿ ತಿಳಿಯಿತು. ಆ ಆಟದಲ್ಲಿ ಬಹುಕಾಲ ಇದ್ದ ದರ ಹೀಗೆ: ಒಂದು ಗಂಟೆ ಉಳಿಸಲು 20 ರತ್ನ, ಒಂದು ದಿನಕ್ಕೆ 260, ಒಂದು ವಾರಕ್ಕೆ 1,000. ಗಂಟೆಯ ದರದಲ್ಲಿ ಲೆಕ್ಕ ಹಾಕಿದರೆ ವಾರಕ್ಕೆ 3,360 ಆಗಬೇಕಿತ್ತು. ಹೆಚ್ಚು ಕೊಳ್ಳುವವನಿಗೆ ಸಗಟು ರಿಯಾಯಿತಿ! ಇದನ್ನು ಮಾಡಿದವನಿಗೆ ನಮ್ಮ ಹಳೆಯ ಬ್ಯಾಂಕಿನ ಮುಂಗಡ ವಿಭಾಗದಲ್ಲಿ ಕೂಡಲೇ ಕೆಲಸ ಸಿಗುತ್ತಿತ್ತು ಎನ್ನಿಸಿತು. ಒಂದು ವ್ಯತ್ಯಾಸವಿದೆ. ನಾವು ಆಯುಷ್ಯವಿಡೀ ಮಾಡಿದ ಧಂದೆಯಲ್ಲಿ ಕಾಯುವವನಿಗೆ ಬಡ್ಡಿ. ಇಲ್ಲಿ ಕಾಯಲಾರದವನಿಂದ ಬಡ್ಡಿ. ಅದಕ್ಕಿಂತ ಚೋದ್ಯವೆಂದರೆ, ಕಾಯುವಿಕೆಯನ್ನು ಹುಟ್ಟಿಸಿದವನೂ ಅವನೇ, ಮಾರುವವನೂ ಅವನೇ. ಮೇಸ್ತ್ರಿಗೆ ನಿಜವಾಗಿ ಏನೂ ಕೆಲಸವಿಲ್ಲ. ಆ ಎರಡು ದಿನಗಳಲ್ಲಿ ಯಾವ ಗಾರೆಯೂ ಒಣಗುವುದಿಲ್ಲ.

ಇನ್ನು ರೂಪಾಯಿ ರತ್ನವಾಗುವ ಬಗೆ. 89 ರೂಪಾಯಿ ಕೊಡುವಾಗ ಕೈ ತಡೆಯುತ್ತದೆ, ರತ್ನ ಚೆಲ್ಲುವಾಗ ತಡೆಯುವುದಿಲ್ಲ. ಹುಡುಗನ ಲೆಕ್ಕದಲ್ಲಿ 4,387 ರೂಪಾಯಿ ಎಂಬ ಮೊತ್ತವೇ ಇರಲಿಲ್ಲ. ನಾವು ಕೂಡಿಸಿ ತೋರಿಸಿದಾಗ ಅವನ ಮುಖ ಬಿಳುಚಿದ್ದು ನಟನೆಯಲ್ಲ.

ಹುಡುಗರ ಕೈಯಿಂದ ಹೀಗೆ ದುಡ್ಡು ಹೋಗುವುದು ನಮ್ಮ ಮನೆಯ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಮಕ್ಕಳು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಆಟಗಳೊಳಗೆ ಖರೀದಿ ಮಾಡಿದ್ದರ ಬಗ್ಗೆ ಅಲ್ಲಿನ ವ್ಯಾಪಾರ ಆಯೋಗ ದೂರು ಹೂಡಿ, 2014ರಲ್ಲಿ ಆ್ಯಪಲ್ ಕಂಪನಿಯಿಂದ ಕನಿಷ್ಠ 325 ಲಕ್ಷ ಡಾಲರ್, ಗೂಗಲ್‌ನಿಂದ 190 ಲಕ್ಷ ಡಾಲರ್ ವಾಪಸು ಕೊಡಿಸುವ ಒಪ್ಪಂದ ಮಾಡಿಸಿತು. ನಮ್ಮ ಸಂಘದ ಗೆಳೆಯರೊಬ್ಬರು, "ಸರಕಾರ 2025ರಲ್ಲಿ ಕಾನೂನು ತಂದಿದೆಯಲ್ಲ?" ಎಂದರು. ಆ ವರ್ಷದ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸುವಂಥದು. ಇಲ್ಲಿ ಹಣ ಹೋಗುತ್ತದೆ, ಬರುವ ಮಾತೇ ಇಲ್ಲ. ಆದ್ದರಿಂದ ಇದು ಜೂಜಲ್ಲ. ಗೆಳೆಯರು ಇದನ್ನು ಕೇಳಿ ಇನ್ನಷ್ಟು ಸಿಟ್ಟಾದರು.

ವಿಚಿತ್ರವೆಂದರೆ ಇಂಥ ಆಟಗಳನ್ನು ಆಡುವವರಲ್ಲಿ ಬಹುಪಾಲು ಜನ ಏನೂ ಕೊಡುವುದಿಲ್ಲ. ಕೊಡುವ ಕೆಲವರಲ್ಲೂ ಧಾರಾಳವಾಗಿ ಕೊಡುವವರು ಬೆರಳೆಣಿಕೆ. ಅವರಿಗೆ ಈ ಧಂದೆಯಲ್ಲಿ ತಿಮಿಂಗಿಲಗಳೆಂದು ಹೆಸರು. ಹಾಗಾದರೆ ಪುಕ್ಕಟೆ ಆಡುವ ನಮ್ಮಂಥವರು ದಂಡವೆ? ಅಲ್ಲ. ಕೊಟ್ಟವನು ದಾಳಿ ಮಾಡಲು ಊರುಗಳು ಬೇಕಲ್ಲ! ಆ ಊರುಗಳು ನಾವು. ಜಾತ್ರೆಯಲ್ಲಿ ಜನವೇ ಇಲ್ಲದಿದ್ದರೆ ಶ್ರೀಮಂತನ ಪಲ್ಲಕ್ಕಿಯನ್ನು ನೋಡುವವರು ಯಾರು? ಅಂಗಡಿಯ ಬಾಡಿಗೆಯೂ ಇದೆ. ಫೋನಿನ ಒಡೆಯರಾದ ಆ್ಯಪಲ್, ಗೂಗಲ್‌ಗಳು ಬಹುಕಾಲ ಇಂಥ ಮಾರಾಟದಲ್ಲಿ ನೂರಕ್ಕೆ ಮೂವತ್ತನ್ನು ಹಿಡಿದುಕೊಂಡವು. ಇಷ್ಟಾಗಿಯೂ ಉಳಿಯುವುದು ಎಷ್ಟು? 2016ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿ ತನ್ನ ಜೊತೆಗಾರರೊಡನೆ ಸೂಪರ್‌ಸೆಲ್‌ನ 84.3 ಶೇಕಡಾ ಪಾಲನ್ನು ಸುಮಾರು 860 ಕೋಟಿ ಡಾಲರಿಗೆ ಕೊಂಡಿತು. ಅಂದಿನ ದರದಲ್ಲಿ 57 ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಈ ಗುಣಾಕಾರವನ್ನು ನಾವು ಎರಡು ಸಲ ಮಾಡಿ ನೋಡಿದೆವು.

ನಾವು ಚಿಕ್ಕವರಿದ್ದಾಗ ಆಟಿಯ ಮಳೆಯಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. 14 ಗುಳಿ, ಗುಳಿಗೆ 4 ಕಾಯಿಯಂತೆ 56 ಕಾಯಿ. ಅಕ್ಕ ಎದುರಿಗೆ ಕುಳಿತು ನಮ್ಮನ್ನು ಬರಿಗೈ ಮಾಡಿ ಎಬ್ಬಿಸುತ್ತಿದ್ದಳು. ಸೋಲುವ ಹೊತ್ತಿಗೆ ಐವತ್ತೇಳನೆಯ ಕಾಯಿಯನ್ನು ಮಾರಲು ಯಾರೂ ಬರುತ್ತಿರಲಿಲ್ಲ. ಅಮ್ಮ ಊಟಕ್ಕೆ ಕರೆದರೆ ಮಣೆ ಮಡಚಿತು, ಆಟ ಮುಗಿಯಿತು. ಈ ಹೊಸ ಆಟಕ್ಕೆ ಮಡಚುವುದೆಂಬುದಿಲ್ಲ. ನೀವು ಮಲಗಿದಾಗಲೂ ಗಣಿಯಲ್ಲಿ ಚಿನ್ನ ತುಂಬುತ್ತದೆ. ತುಂಬಿದ ಮೇಲೆ ನಿಲ್ಲುತ್ತದೆ, ಎತ್ತಿಡಲು ಬರಬೇಕು. ನೀವಿಲ್ಲದಾಗ ಯಾರೋ ನುಗ್ಗಿ ದೋಚುತ್ತಾರೆ, ನೋಡಲು ಬರಬೇಕು. ಒಂದು ಭಾನುವಾರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ವಾರ್ಷಿಕೋತ್ಸವದ ಜಮಾಖರ್ಚು ಓದುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ನಮ್ಮ ಊರಿಗೆ ದಾಳಿ! ಓದುತ್ತಿದ್ದ ಸಾಲು ತಪ್ಪಿತು. ಅಧ್ಯಕ್ಷರು, "ಮನೆಯಲ್ಲಿ ಎಲ್ಲ ಕ್ಷೇಮವೇ?" ಎಂದು ವಿಚಾರಿಸಿದರು. ಏನು ಹೇಳುವುದು!

ಆದರೂ ನಾವು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಜಂಬಕ್ಕೆ ಹೇಳುವ ಮಾತಲ್ಲ. ನಿವೃತ್ತನಿಗೆ ಕಾಯುವುದೇ ಉದ್ಯೋಗ. ಹಾಗಾದರೆ ಹುಡುಗನಿಗೇಕೆ ಕಾಯಲಾಗಲಿಲ್ಲ? ಬರೀ ಆಸೆಬುರುಕತನ ಎಂದೇ ನಾವು ತಿಳಿದಿದ್ದೆವು. ಆ 899ರ ಕಲಮನ್ನು ತೋರಿಸಿ ಮತ್ತೊಮ್ಮೆ ಕೇಳಿದಾಗ ಬೇರೆಯೇ ಸಂಗತಿ ಹೊರಬಿತ್ತು.

ಇಂಥ ಆಟಗಳಲ್ಲಿ ಒಬ್ಬನೇ ಬಹುದೂರ ಹೋಗಲಾಗದು, ಒಂದು ಬಣವನ್ನು ಸೇರಬೇಕು. ಕ್ಲ್ಯಾಶ್ ಆಫ್ ಕ್ಲ್ಯಾನ್ಸಿನಲ್ಲಿ ಒಂದು ಬಣಕ್ಕೆ 50 ಜನ. ಒಬ್ಬರಿಗೊಬ್ಬರು ಸೈನ್ಯ ಕೊಡುತ್ತಾರೆ, ಹರಟುತ್ತಾರೆ. 2014ರಿಂದ ಬಣಕ್ಕೂ ಬಣಕ್ಕೂ ಯುದ್ಧವನ್ನೂ ಇಟ್ಟಿದ್ದಾರೆ. ಒಂದು ದಿನ ತಯಾರಿ, ಒಂದು ದಿನ ಕಾಳಗ. ನಿಮ್ಮ ಪಾಲಿನ ದಾಳಿಯನ್ನು ನೀವು ಮಾಡದಿದ್ದರೆ ಸೋಲುವವರು ಎಲ್ಲರೂ. ಕಾಯುವಿಕೆಯನ್ನಾದರೂ ಬಿಟ್ಟಾರು, ಬಣವನ್ನು ಬಿಡಲಾರರು. 2025ರಲ್ಲಿ ಆ ಆಟದವರು ಸೈನ್ಯ ತಯಾರಾಗುವ ಕಾಯುವಿಕೆಯನ್ನು ತೆಗೆದೇಹಾಕಿದರು, ಬಣ ಹಾಗೆಯೇ ಇದೆ. ನಮ್ಮ ಹುಡುಗನ ಆಟದಲ್ಲೂ ಅಂಥದೇ ಬಣ. ಆ ರಾತ್ರಿ ಅವನ ಕೋಟೆ ರಿಪೇರಿಯಲ್ಲಿತ್ತು. ಉಳಿದವರು ಅವನಿಗಾಗಿ ಕಾದಿದ್ದರು. "ನಾನು ಬರದಿದ್ದರೆ ಅವರೆಲ್ಲ ಸೋಲ್ತಿದ್ದರು ಅಜ್ಜ."

"ಯಾರವರು?"

ಹುಡುಗ ಫೋನು ತೆರೆದು ತೋರಿಸಿದ. ಸೊಸೆಗೆ ಇದ್ದ ಭಯವೇ ನಮಗೂ ಇತ್ತು, ಗುರುತಿಲ್ಲದವರ ಸಹವಾಸ. ಕನ್ನಡಕ ಏರಿಸಿ ಓದತೊಡಗಿದೆವು. ಇಂಗ್ಲಿಷ್ ಅಕ್ಷರಗಳು, ಆದರೆ ಬಾಯಿಬಿಟ್ಟು ಓದಿದರೆ ಕನ್ನಡ! ಶಿವಮೊಗ್ಗದ ಕಡೆಯ ಇಬ್ಬರು, ಹಾಸನದವನೊಬ್ಬ, ಎಲ್ಲ ಇವನ ಓರಗೆಯವರೇ. ಊಟ ಆಯ್ತಾ, ಮಳೆ ಬಂತಾ, ನಾಳೆ ಪರೀಕ್ಷೆ ಮಾರಾಯ, ಬೇಗ ಬಾರೋ. ನಡುವೆ ನಮ್ಮವನ ಉತ್ತರಗಳು. ವ್ಯಾಕರಣ ಹರೋಹರ, ಮರಾಠಿಯ ಬಾಲ ಅಲ್ಲಲ್ಲಿ ಅಂಟಿಕೊಂಡಿದೆ. ಆದರೂ ಕನ್ನಡ.

ಈ ಹುಡುಗ ಶಾಲೆಯಲ್ಲಿ ಇಂಗ್ಲಿಷ್, ಕೆಳಗಿನ ಅಂಗಳದಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ. ಮನೆಯಲ್ಲಿ ನಾವು ಕನ್ನಡದಲ್ಲಿ ಹತ್ತು ಮಾತಾಡಿದರೆ ಅವನದೊಂದು "ಹೂಂ". ಸಂಘದ ಭಾನುವಾರದ ಕನ್ನಡ ತರಗತಿಗೆ ಎರಡು ವರ್ಷ ಕೈ ಹಿಡಿದು ಎಳೆದೊಯ್ದವರು ನಾವು. ಕಾಗುಣಿತ ಮುಗಿಯುವ ಮೊದಲೇ ತರಗತಿ ಬಿಟ್ಟ. ಈಗ ಅವನೇ ಕೇಳುತ್ತಾನೆ: "ಅಜ್ಜ, ಗುರು ಅಂದರೆ ಟೀಚರ್ ಅಲ್ವಾ? ಇವರು ಎಲ್ಲರಿಗೂ ಗುರು ಅಂತಾರಲ್ಲ, ಯಾಕೆ?"

ಆ ಹೊತ್ತಿಗೆ ನಾವು ಸಿಟ್ಟಾಗಬೇಕಿತ್ತೋ ಏನೋ, ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಆ ಸ್ನೇಹವನ್ನು ಹುಡುಗರು ತಾವೇ ಕಟ್ಟಿಕೊಂಡರು ಎಂಬುದು ನಿಜ. ಆ ಸ್ನೇಹದ ಕುತ್ತಿಗೆಗೆ ಹಗ್ಗ ಹಾಕಿ 899 ರೂಪಾಯಿ ಎಳೆದರು ಎಂಬುದೂ ನಿಜ. ನಮ್ಮ ಮನೆಯಾಕೆಗೆ ಈ ತೊಡಕಿಲ್ಲ. ಶಿವಮೊಗ್ಗದ ಹುಡುಗರನ್ನು ದೀಪಾವಳಿಗೆ ಕರೆಯೋಣವೇ ಎಂದು ಕೇಳುತ್ತಾಳೆ. ಮಗ ಗುಟ್ಟಿನ ಅಂಕಿ ಬದಲಿಸಿದ್ದಾನೆ, ದಿನಕ್ಕೆ ಒಂದು ಗಂಟೆ ಎಂದು ಕಟ್ಟು ಹಾಕಿದ್ದಾನೆ. ಬಿಲ್ಲುಗಳನ್ನು ಈಗ ನಾವೇ ಕಟ್ಟುತ್ತೇವೆ, ಕನ್ನಡಕ ಹುಡುಕಿ.

ಮೊನ್ನೆ ಶನಿವಾರ ರಾತ್ರಿ ನೀರು ಕುಡಿಯಲು ಎದ್ದರೆ ಹಾಲಿನಲ್ಲಿ ನೀಲಿ ಬೆಳಕು. ಗಂಟೆ ಹತ್ತೂಮುಕ್ಕಾಲು. ಹುಡುಗ ಬೆಚ್ಚಿ ಫೋನು ಮುಚ್ಚಿಕೊಂಡ.

"ಯುದ್ಧವೋ?"

"ಹೂಂ."

"ಇನ್ನೆಷ್ಟು ಹೊತ್ತು?"

"ಹನ್ನೊಂದು ನಿಮಿಷ ಅಜ್ಜ. ಏಳು ರತ್ನ ಕೊಟ್ಟರೆ ಈಗಲೇ ಆಗ್ತದೆ." ನಮ್ಮ ಮುಖ ನೋಡಿ, "ಇಲ್ಲ, ಕೊಡೋದಿಲ್ಲ" ಎಂದ.

ನಾವು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆವು. ಅವನು ಯಾರಿಗೋ ಒತ್ತಿ ಕಳಿಸಿದ. ಇಣುಕಿ ಓದಿದೆವು: ಗುರು, ಅಜ್ಜ ಬಂದಿದ್ದಾರೆ, ಸ್ವಲ್ಪ ನಿಲ್ಲು.