ಒಡೆದ ಕಾಳು

ಇಡಿ ಕಾಳು ಉಳಿಯುತ್ತದೆ, ಒಡೆದ ಕಾಳು ಉಳಿಯುವುದಿಲ್ಲ. ಇದನ್ನು ನಾವು ಶಾಲೆಯಲ್ಲಿ ಕಲಿತವರಲ್ಲ. ಫರಂಗಿಪೇಟೆಯ ಆಚೀಚೆ, ನೇತ್ರಾವತಿಯ ದಡದ ಗದ್ದೆಗಳಲ್ಲಿ ಮೂಲದಾಳುಗಳಾಗಿ ಸವೆದವರ ಮಕ್ಕಳು ನಾವು. ನಮ್ಮ ಪಾಲಿಗೆ ಬರುತ್ತಿದ್ದದ್ದೇ ಒಡೆದ ಕಾಳು. ಅದರ ಗುಣ ನಮಗಲ್ಲದೆ ಮತ್ತ್ಯಾರಿಗೆ ಗೊತ್ತಿರಬೇಕು?

ಧಣಿಗಳ ಮನೆಯಲ್ಲಿ ಅಕ್ಕಿ ಮುಡಿಯಲ್ಲಿರುತ್ತಿತ್ತು. ಬೈಹುಲ್ಲು ಹಾಸಿ, ಒಳಗೆ ಕುಚ್ಚಲಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ ಮುಡಿ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಗೇಣಿಯ ಲೆಕ್ಕವೂ ಮುಡಿಯಲ್ಲೇ ಉಂಟು. ಆಷಾಢದ ಜಡಿಮಳೆಗೆ ಗೋಡೆಯೇ ಬೆವರುವ ಈ ಊರಿನಲ್ಲಿ ಮುಡಿಯೊಳಗಿನ ಅಕ್ಕಿ ಮಾತ್ರ ಗರಿಗರಿಯಾಗಿ ಕೂತಿರುತ್ತಿತ್ತು. ಹಾಗೆ ಕೂರಲು ಕಾರಣ ಹುಲ್ಲೊಂದೇ ಅಲ್ಲ. ಭತ್ತವನ್ನು ಬೇಯಿಸಿ ಒಣಗಿಸಿದರೆ ಕಾಳಿನೊಳಗಿನ ಬಿರುಕು ಮುಚ್ಚಿ ಗಟ್ಟಿಯಾಗುತ್ತದೆ. ಕುಟ್ಟುವಾಗ ನುಚ್ಚು ಕಡಿಮೆ. ಗಟ್ಟಿ ಕಾಳಿಗೆ ಹುಳ ಬೇಗ ಬಾಯಿ ಹಾಕದು.

ಇನ್ನೊಂದು ವಿಚಿತ್ರ ಕೇಳಿ. ನಮ್ಮ ಹಿರಿಯರು ಹೇಳುತ್ತಿದ್ದರು: ಗದ್ದೆಯಲ್ಲಿ ನೇಜಿ ನೆಡುವವರು ನಾವು, ಕೊಯ್ಯುವವರು ನಾವು, ಹೊತ್ತು ತಂದು ಅಂಗಳದಲ್ಲಿ ಬಡಿಯುವವರೂ ನಾವೇ. ಅಷ್ಟು ಹೊತ್ತಿನವರೆಗೆ ಆ ಭತ್ತಕ್ಕೆ ಮೈಲಿಗೆ ಇಲ್ಲ. ಒಮ್ಮೆ ಹಂಡೆಯಲ್ಲಿ ಬೆಂದಿತೋ, ಮುಗಿಯಿತು, ನಮ್ಮ ನೆರಳು ಬಿದ್ದರೂ ಕೆಟ್ಟಿತು! ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಅನ್ನುತ್ತಾರಲ್ಲ, ಈ ಭತ್ತದ ವಿಷಯದಲ್ಲಿ ಮಾತ್ರ ಅದು ತಿರುವುಮುರುವು. ಕುಟ್ಟಿ ಕೇರಿ ಆದ ಮೇಲೆ ಗೆರಸೆಯ ತುದಿಯಲ್ಲಿ ಉಳಿದ ನುಚ್ಚು ದೂರದಿಂದ ನಮ್ಮ ಸೆರಗಿಗೆ ಬೀಳುತ್ತಿತ್ತು. ಅದೇ ಕೂಲಿ.

ಯಾಕೆ ನುಚ್ಚು? ಅದು ಧಣಿಗಳಿಗೆ ಬೇಡದ ವಸ್ತು ಎಂದಷ್ಟೇ ನಾವು ಬಹಳ ಕಾಲ ತಿಳಿದಿದ್ದೆವು. ವಿಷಯ ಅಷ್ಟೇ ಅಲ್ಲ. ಒಡೆದ ಕಾಳಿನ ಹೊಟ್ಟೆ ಹೊರಗೆ ಬಿದ್ದಿರುತ್ತದೆ. ಅಂಟಿಕೊಂಡ ತೌಡಿನ ಎಣ್ಣೆಗೆ ಗಾಳಿ ತಾಗಿ ಕಮಟು ವಾಸನೆ ಹಿಡಿಯುತ್ತದೆ. ತೇವವನ್ನು ಎಳೆದುಕೊಳ್ಳುತ್ತದೆ. ಕುಟ್ಟೆ ಹುಳಕ್ಕೆ ಕೊರೆಯುವ ಕಷ್ಟವೂ ಇಲ್ಲ. ಅಂದರೆ ಮಳೆಗಾಲದಲ್ಲಿ ನುಚ್ಚನ್ನು ತಿಂಗಳುಗಟ್ಟಲೆ ಕೂಡಿಡಲು ಆಗುವುದಿಲ್ಲ. ಕೂಡಿಡಲಾಗದವನು ನಾಳೆ ಬೆಳಿಗ್ಗೆ ಮತ್ತೆ ಅದೇ ಅಂಗಳಕ್ಕೆ ಬರಲೇಬೇಕು. ಧಣಿಗಳು ಇದನ್ನು ಲೆಕ್ಕ ಹಾಕಿ ಮಾಡಿದರೋ, ಲೆಕ್ಕ ಹಾಕದೆ ಆಯಿತೋ, ನಮಗೆ ಬಂದ ಫಲ ಒಂದೇ.

ಆದರೂ ಅಜ್ಜಿ ಕೂಡಿಡುತ್ತಿದ್ದಳು ಮಾರಾಯ್ರೆ. ಬಿಸಿಲು ಕಂಡ ದಿನ ನುಚ್ಚನ್ನು ಚಾಪೆಯ ಮೇಲೆ ಹರಡಿ ಕಾಯುತ್ತಿದ್ದಳು. ಬಿಸಿಲಿಲ್ಲದ ದಿನ ಹೆಂಚಿನಲ್ಲಿ ಬೆಚ್ಚಗೆ ಹುರಿದು, ಆರಿದ ಮೇಲೆಯೇ ಮಡಕೆಗೆ ಹಾಕುತ್ತಿದ್ದಳು. ಬಿಸಿ ಇರುವಾಗ ಮುಚ್ಚಿದರೆ ಒಳಗೇ ಬೆವರಿ ಬೂಸ್ಟು ಬರುತ್ತದೆ ಎಂದು ಮಕ್ಕಳ ಕೈಗೆ ಹೊಡೆಯುತ್ತಿದ್ದಳು. ಮೇಲೆ ಒಣಗಿದ ನೆಕ್ಕಿ ಸೊಪ್ಪು, ನಾಲ್ಕು ಒಣಮೆಣಸು. ಬಾಯಿಗೆ ಬಟ್ಟೆ ಬಿಗಿದು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಹಾಗೆ. ತೆಗೆಯುವಾಗ ಒದ್ದೆ ಕೈ ಹಾಕಬಾರದು. ಒಂದು ತಿಂಗಳು, ಹೆಚ್ಚೆಂದರೆ ಎರಡು. ಆಮೇಲೆ ಹುಳ.

ನಮ್ಮ ಪೈಕಿಯ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಅಲ್ಲಲ್ಲೇ ಬೀರು ಕುದಿಸಿ ಮಾರುವ ಹೋಟೇಲೊಂದರ ಉಗ್ರಾಣದಲ್ಲಿದ್ದಾನೆ. ಅಲ್ಲಿ ಬರುವುದು ಬಾರ್ಲಿ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಕಾಳು. ಅದನ್ನು ಹಿಟ್ಟು ಮಾಡಬಾರದಂತೆ. ಸಿಪ್ಪೆ ಆದಷ್ಟು ಇಡಿಯಾಗಿರಬೇಕು, ಒಳಗಿನದು ಮಾತ್ರ ಒಡೆಯಬೇಕು. ಆ ಸಿಪ್ಪೆಯೇ ಆಮೇಲೆ ಸೋಸುವ ಜರಡಿ. ಒಡೆದದ್ದನ್ನು ಸುಮಾರು 65 ಡಿಗ್ರಿಯ ಬಿಸಿನೀರಲ್ಲಿ ಇಟ್ಟರೆ ಹಿಟ್ಟಿನ ಅಂಶ ಸಿಹಿಯಾಗುತ್ತದೆ, ಸಿಹಿಗೆ ಯೀಸ್ಟು ಬಿದ್ದರೆ ಬೀರು. ಇಡಿ ಕಾಳಿನ ಮೂಟೆ ಒಣ ಜಾಗದಲ್ಲಿ ವರ್ಷ ಇರುತ್ತದೆ. ಒಡೆದದ್ದು ಕೆಲವೇ ವಾರಗಳಲ್ಲಿ ವಾಸನೆ ಕಳೆದುಕೊಂಡು ಮೆತ್ತಗಾಗುತ್ತದೆ. ಹಾಗಾಗಿ ಕುದಿಸುವ ದಿನವೇ ಒಡೆಯಬೇಕು. ಉಳಿದರೆ ಗಾಳಿಯಾಡದ ಡಬ್ಬದಲ್ಲಿ, ತಂಪಿನಲ್ಲಿ, ಬೆಳಕು ತಾಗದಂತೆ. ಇದನ್ನು ಅವನಿಗೆ ಮೂರು ದಿನ ಪಾಠ ಮಾಡಿ ಕಲಿಸಿದರಂತೆ. 'ಅಜ್ಜಿ ಹೇಳಿದ್ದೇ ಹೇಳಿದ್ರು, ಸಂಬಳ ಕೊಟ್ಟು ಹೇಳಿದ್ರು' ಎಂದು ನಗುತ್ತಾನೆ.

ಅವನೇ ಕೇಳಿದ: ನಮ್ಮೂರಲ್ಲಿ ಯಾಕೆ ಯಾರೂ ಕಾಳಿನಿಂದ ಹೆಂಡ ಮಾಡಲಿಲ್ಲ? ಒಳ್ಳೆ ಪ್ರಶ್ನೆ. ಜಾರ್ಖಂಡ, ಒಡಿಶಾದ ಆದಿವಾಸಿಗಳು ಅನ್ನಕ್ಕೆ ರಾನು ಎಂಬ ಬೇರುಗಳ ಗುಳಿಗೆ ಬೆರೆಸಿ ಹಂಡಿಯಾ ಮಾಡುತ್ತಾರೆ. ಸಿಕ್ಕಿಂ, ನೇಪಾಳದ ಕಡೆ ನಮ್ಮ ರಾಗಿಯಿಂದಲೇ ಛಾಂಗ್ ಇಳಿಸುತ್ತಾರೆ. ಇಲ್ಲಿ ತಾಳೆ, ತೆಂಗು ಇದ್ದವು, ಮರವೇ ಕಳ್ಳು ಕೊಡುತ್ತಿತ್ತು ಎಂಬುದು ಒಂದು ಉತ್ತರ. ಕ್ರಿಶ್ಚಿಯನ್ನರು ಅಕ್ಕಿಯ ಹಿಟ್ಟಿಗೆ ಅದೇ ಕಳ್ಳು ಹಾಕಿ ಹುಬ್ಬಿಸಿ ಸನ್ನ ಬೇಯಿಸಿದರು. ನಮ್ಮ ಕೊರಗಜ್ಜನಿಗೂ ಕಳ್ಳು, ಚಕ್ಕುಲಿ, ವೀಳ್ಯವೇ ಪ್ರೀತಿ. ಆದರೆ ಇನ್ನೊಂದು ಉತ್ತರ ನಮ್ಮ ಹೊಟ್ಟೆಯಲ್ಲಿ ಉಂಟು. ಕಾಳನ್ನು ಕೊಳೆಯಲು ಬಿಡಬೇಕಾದರೆ ಮೊದಲು ಉಂಡು ಮಿಗಬೇಕು. ನಮ್ಮಲ್ಲಿ ಮಿಕ್ಕದ್ದು ಯಾವಾಗ? ಗಡಂಗಿನ ಕಳ್ಳಿಗೂ ನಮಗೆ ಗೆರಟೆ ಬೇರೆ, ಕೂರುವ ಜಾಗ ಬೇರೆ.

1974ರಲ್ಲಿ ಎರಡು ನೆರೆ ಬಂದವು. ಒಂದು ನೇತ್ರಾವತಿಯದು. 1923ರ ಮಾರಿಬೊಳ್ಳವನ್ನು ಕೇಳಿ ಮಾತ್ರ ಗೊತ್ತಿದ್ದವರು ಈ ಸಲ ಕಣ್ಣಾರೆ ಕಂಡರು. ಧಣಿಗಳ ಮನೆಯ ಮುಡಿಗಳನ್ನು ಉಪ್ಪರಿಗೆಗೆ ಹೊತ್ತು ಏರಿಸಿದವರು ನಮ್ಮವರೇ. ಅವತ್ತು ಮುಡಿ ಮುಟ್ಟಿದ್ದಕ್ಕೆ ಮೈಲಿಗೆಯ ಮಾತು ಯಾರೂ ಎತ್ತಲಿಲ್ಲ. ಹೊತ್ತು ಮುಗಿಸಿ ಓಡಿ ಬರುವಾಗ ನಮ್ಮ ಗುಡಿಸಲಿನ ಅಟ್ಟಕ್ಕೆ ನೀರು ಮುಟ್ಟಿತ್ತು. ನೀರು ಇಳಿದ ಮೇಲೆ ನೋಡಿದರೆ ಮಡಕೆಯೊಳಗೆ ನುಚ್ಚು ಉಬ್ಬಿ ಗುಳ್ಳೆ ಎಬ್ಬಿಸುತ್ತಿತ್ತು. ಹೆಂಡವಾಗಲಿಲ್ಲ, ಹುಳಿಯಾಯಿತು. ಮೊಳಕೆಯ ಬಾರ್ಲಿ ತನ್ನ ಹಿಟ್ಟನ್ನು ತಾನೇ ಸಿಹಿ ಮಾಡಿಕೊಳ್ಳುತ್ತದೆ. ಬೆಂದ ಭತ್ತದ ನುಚ್ಚಿಗೆ ಆ ಜೀವ ಉಳಿದಿರುವುದಿಲ್ಲ. ಅಜ್ಜಿ ಅದನ್ನು ಏಳು ನೀರಿನಲ್ಲಿ ತೊಳೆದು ಗಂಜಿ ಕಾಯಿಸಿದಳು. ನಾವು ಉಂಡೆವು.

ಇನ್ನೊಂದು ನೆರೆ ಭೂಸುಧಾರಣೆ. ಆ ಮಾರ್ಚ್ 1ರಿಂದ ಉಳುವವನೇ ಒಡೆಯ ಎಂದರು. ಏಳನೇ ನಂಬರಿನ ಫಾರಂ ತುಂಬಿದ ಗೇಣಿದಾರರಿಗೆ ಭೂಮಿ ಬಂತು, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೂಲದಾಳಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಗುಡಿಸಲ ಅಡಿಯ ಕೆಲವು ಸೆಂಟ್ಸು ಸಿಕ್ಕಿತು. ಐದು ಸೆಂಟ್ಸಿನಲ್ಲಿ ಭತ್ತ ಬೆಳೆಯುವುದಿಲ್ಲ. ಇಡಿ ಕಾಳು ಧಣಿಯ ಕೈಯಿಂದ ಗೇಣಿದಾರನ ಕೈಗೆ ಹೋಯಿತು, ನುಚ್ಚು ನಮ್ಮಲ್ಲೇ ಉಳಿಯಿತು.

ಬೀರಿನ ಮಾತಿಗೆ ಬಂದರೆ, ನಮ್ಮ ತಾಲೂಕಿಗೂ ಅದಕ್ಕೂ ದೊಡ್ಡ ನಂಟು ಉಂಟು. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್‌ಗೆ 1947ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದವರು ವಿಟ್ಠಲ ಮಲ್ಯ. ಅವರ ಹೆಸರಿನ ಮೊದಲಿರುವ ಊರು ಬಂಟ್ವಾಳ. 2021ರಿಂದ ಆ ಕಂಪೆನಿ ಹಾಲೆಂಡಿನ ಹೈನೆಕೆನ್ ಕೈಯಲ್ಲಿದೆ. ಕಾಳನ್ನು ಮೂಟೆ ಮೂಟೆ ಕೂಡಿಟ್ಟವರಿಗೆ ಪರವಾನಗಿ ಸಿಕ್ಕಿತು. 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಮಾಡುವುದು ಅಪರಾಧ. ಗೇರುಹಣ್ಣಿನ ಕಾಲದಲ್ಲಿ ನಮ್ಮ ಕೇರಿಯ ಎಷ್ಟು ಮಡಕೆಗಳು ಬೂಟುಕಾಲಿಗೆ ಒಡೆದವೋ. ಕುಡಿತವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. 2007ರಲ್ಲಿ ಸಾರಾಯಿ ನಿಂತಾಗ ನಮ್ಮ ಹೆಂಗಸರು ಉಸಿರುಬಿಟ್ಟದ್ದನ್ನು ಕಂಡಿದ್ದೇವೆ. ಹೆಂಡದ ಬದಲು ಮಕ್ಕಳಿಗೆ ವಸತಿ ಶಾಲೆ ಕೊಡಿ ಎಂದು ದಲಿತ ಸಂಘರ್ಷ ಸಮಿತಿಯವರು ಕೂಗಿದಾಗ ನಮ್ಮದೂ ದನಿ ಇತ್ತು. ಹೇಳುವುದಿಷ್ಟೆ: ಒಂದೇ ಕೆಲಸಕ್ಕೆ ಒಬ್ಬರಿಗೆ ಬೋರ್ಡು, ಒಬ್ಬರಿಗೆ ಬೂಟು.

ಹುಡುಗ ಹೋದ ಮಳೆಗಾಲ ಬರುವಾಗ ಒಡೆದ ಬಾರ್ಲಿ ಒಂದು ಕಿಲೋ ತಂದಿದ್ದ, ಅಜ್ಜಿಗೆ ತೋರಿಸಬೇಕೆಂದು. ಅಜ್ಜಿ ಇಲ್ಲ, ಅಮ್ಮ ಇದ್ದಾಳೆ. ಅವಳು ಮೂಸಿ ನೋಡಿ, ನಾಲಿಗೆಗೆ ನಾಲ್ಕು ಕಾಳು ಹಾಕಿಕೊಂಡು 'ಸಿಹಿ ಉಂಟಲ್ಲ!' ಎಂದಳು. ಅಟ್ಟ ಈಗ ಇಲ್ಲ, ಗ್ಯಾಸಿನ ಒಲೆಗೆ ಹೊಗೆಯೂ ಇಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಮುಚ್ಚಿಟ್ಟೆವು. ಡಬ್ಬದ ಮುಚ್ಚಳ ಸಡಿಲವಿತ್ತು. ಸೋಣ ತಿಂಗಳಿಗೆ ತೆಗೆದರೆ ಗಂಟುಗಂಟು, ಹುಳ. ಕೋಳಿಗಳು ತಿಂದವು.