ರೌಟರಿಗೂ ಒಂದು ಪಾಳಿ

ಕಬ್ಬಿಗೆ ನೀರು ಹಾಯಿಸಿದವರಿಗೆ ಪೋರ್ಟ್ ಫಾರ್ವರ್ಡಿಂಗ್ ಬೇರೆ ಹೇಳಿಕೊಡಬೇಕಾಗಿಲ್ಲ. ಹೊಲದ ತನಕ ಬಂದ ನೀರಿಗೆ ಯಾವ ಸಾಲಿಗೆ ಹೋಗಬೇಕೆಂದು ಏನು ಗೊತ್ತು? ಸಲಿಕೆ ಹಿಡಿದವನು ಒಂದು ಕಡೆ ಮಣ್ಣು ಸರಿಸಿ ಬಾಯಿ ಬಿಡಿಸಬೇಕು. ರೌಟರಿನಲ್ಲಿ ನಾನು ಮಾಡುವುದೂ ಇಷ್ಟೇ, ಕಾಲು ಕೆಸರಾಗುವುದಿಲ್ಲ.

ನಮ್ಮೂರು ತುಕ್ಕಾನಟ್ಟಿ ಎಂದರೆ ಸುತ್ತಿನ ರೈತರಿಗೆ ಕೃಷಿ ವಿಜ್ಞಾನ ಕೇಂದ್ರ ನೆನಪಾಗುತ್ತದೆ. ನನ್ನ ಕೇಂದ್ರ ಪಡಸಾಲೆಯ ಮೂಲೆಯ ಹಳೇ ಲ್ಯಾಪ್‌ಟಾಪ್. ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿದ್ದದ್ದು, ಉಬುಂಟು ಲಿನಕ್ಸ್ ಹಾಕಿದ ಮೇಲೆ ಎದ್ದು ಕೂತಿತು. ಅದರೊಳಗೆ ಮೈನ್‌ಕ್ರಾಫ್ಟ್ ಸರ್ವರ್. ಆಡುವವರು ಹುಬ್ಬಳ್ಳಿಯಲ್ಲಿ ಓದುವ ಅಣ್ಣನ ಮಗ, ಅವನ ಗೆಳೆಯರು. ಅವರನ್ನು ಒಳಗೆ ಕರೆತರುವುದೇ ನನ್ನ ಆಟ.

ಮೊದಲು ಲ್ಯಾಪ್‌ಟಾಪಿಗೆ ಮನೆಯೊಳಗೆ ಕಾಯಂ ವಿಳಾಸ ಕೊಟ್ಟೆ: 192.168.1.50. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ರೌಟರ್ ಬೇರೆ ನಂಬರು ಕೊಟ್ಟೀತು, ನೀರು ಪಕ್ಕದ ಸಾಲಿಗೆ ಹೋದೀತು. ಟಿಸಿಪಿಯ 65,536 ಪೋರ್ಟ್‌ಗಳಲ್ಲಿ ಮೈನ್‌ಕ್ರಾಫ್ಟ್ ಜಾವಾ ಕಿವಿಗೊಡುವುದು 25565ಕ್ಕೆ. ಮೊಬೈಲಿನವರ ಬೆಡ್‌ರಾಕ್‌ಗೆ 19132, ಅದೂ ಯುಡಿಪಿ. ಹೊರಗಿನ 25565ಕ್ಕೆ ಬಂದದ್ದನ್ನೆಲ್ಲ ಒಳಗಿನ ಆ ವಿಳಾಸಕ್ಕೆ ಕಳಿಸು ಎಂದು ರೌಟರಿಗೆ ಬರೆದೆ. ಲಿನಕ್ಸಿನ ಫೈರ್‌ವಾಲ್‌ಗೂ ಹೇಳಬೇಕಲ್ಲ: ‘ಸುಡೊ ಯುಎಫ್‌ಡಬ್ಲ್ಯು ಅಲೌ 25565/ಟಿಸಿಪಿ’. ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ‘ರೂಲ್ ಆ್ಯಡೆಡ್’ ಎಂದು ಮೂಡಿತು. ಮೌಸಿನಲ್ಲಿ ಟಿಕ್ ಹಾಕುವುದರಲ್ಲಿ ಈ ಸುಖ ಇಲ್ಲ ಬಿಡಿ.

“ಕಾಕಾ, ಬರವಲ್ತು!”

ಸರ್ವರ್ ಕಿವಿಗೊಟ್ಟೇ ಕೂತಿತ್ತು. ಟಿಸಿಪಿಡಂಪ್ ಹಚ್ಚಿ ಅರ್ಧ ತಾಸು ಕಾದೆ. ಒಂದು ಪ್ಯಾಕೆಟ್ಟೂ ಬಾಗಿಲಿಗೆ ಬಂದಿರಲಿಲ್ಲ. ಕೊನೆಗೆ ರೌಟರಿಗೆ ಇಂಟರ್‌ನೆಟ್ ಕಂಪನಿ ಕೊಟ್ಟ ವಿಳಾಸ ನೋಡಿದರೆ 100.72ರಿಂದ ಶುರು! ಗಂಟು ಇಲ್ಲಿತ್ತು. ಐಪಿವಿ4 ವಿಳಾಸಗಳು ತೀರುತ್ತ ಬಂದಾಗ, 2012ರಲ್ಲಿ, 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದು ತೆಗೆದಿಟ್ಟರು. ಹತ್ತಾರು ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ. ಮೇಲಿನ ಗೇಟಿನ ಕೀಲಿ ಅವರ ಕೈಯಲ್ಲಿ. ನಾನು ನನ್ನ ಹೊಲದಲ್ಲಿ ಎಷ್ಟು ಬಾಯಿ ಬಿಡಿಸಿದರೇನು? ಕಾಲುವೆಯ ಕೊನೆಯಂಚಿನ ರೈತರ ಸಿಟ್ಟು ಅವತ್ತು ನನಗೆ ಸರಿಯಾಗಿ ತಿಳಿಯಿತು.

ಹೊರಗಿನ ವಿಳಾಸ ನನಗೊಬ್ಬನಿಗೇ ಬೇಕೆಂದು ಕಂಪನಿಗೆ ಫೋನು ಹಚ್ಚಿದೆ. “ಪಬ್ಲಿಕ್ ಐಪಿ ಯಾಕ ಬೇಕ್ರಿ ಸರ?” “ಹುಡುಗರು ಆಡೋದಕ್ರಿ.” ಆ ಕಡೆಯವರು ನಕ್ಕರು, ತಿಂಗಳಿಗಿಷ್ಟು ಹೆಚ್ಚಿಗೆ ಎಂದು ಕೊಟ್ಟರು.

ಶನಿವಾರ ರಾತ್ರಿ ಟರ್ಮಿನಲ್‌ನಲ್ಲಿ ಒಂದೊಂದೇ ಹೆಸರು ಇಳಿಯತೊಡಗಿತು: ‘ಜಾಯಿನ್ಡ್ ದ ಗೇಮ್’. “ಕಾಕಾ, ಬಂದ್ವಿ ನೋಡ್ರಿ!” ಗದ್ದೆಯ ತುದಿಗೆ ನೀರು ಮುಟ್ಟಿದ ಸದ್ದು ಅದು. ತುಸು ಹೊತ್ತಿಗೆ ಗುರುತಿಲ್ಲದ ವಿಳಾಸವೊಂದೂ ಬಂದು ಬಾಗಿಲು ಬಡಿಯಿತು. ತೆರೆದ ಪೋರ್ಟ್ ಹುಡುಕುತ್ತ ತಿರುಗುವ ಇಂಥವಕ್ಕೆ ನೆಟ್‌ನಲ್ಲಿ ಬರವಿಲ್ಲ. ವೈಟ್‌ಲಿಸ್ಟ್ ಹಚ್ಚಿದೆ, ಪಟ್ಟಿಯಲ್ಲಿದ್ದವರಿಗಷ್ಟೇ ಪ್ರವೇಶ.

ಹತ್ತೂವರೆಗೆ ಹುಡುಗರು ಮಲಗಲು ಹೋದರು. ನಾನೂ ಬಾಯಿ ಮುಚ್ಚಿದೆ, ಅಂದರೆ ರೌಟರಿನದು. ಮುಂದಿನ ಪಾಳಿ ಬರುವ ಶನಿವಾರ.