ಜಾಡಿಯ ಬಾಯಿಗೆ ಬಿಳಿ ಬಟ್ಟೆ

ಸಂಕ್ರಾಂತಿಯ ಆಸುಪಾಸಿನಲ್ಲಿ ಕುರುಗೋಡು, ಕಂಪ್ಲಿ ಕಡೆಯ ಹೊಲಗಳ ಹಣ್ಣು ಮೆಣಸಿನಕಾಯಿ ಸಂತೆಗೆ ಇಳಿಯುತ್ತದೆ. ಒಣಗಿದ್ದಲ್ಲ, ಗಿಡದಲ್ಲೇ ಕೆಂಪಾಗಿ, ರಸ ಇನ್ನೂ ಆರದ್ದು. ಬಳ್ಳಾರಿ ಜಿಲ್ಲೆಯ ಕುರೆಕುಪ್ಪದ ಹಳೆಯ ಮನೆಗಳಲ್ಲಿ ರಂಜಕದ, ಅಂದರೆ ಹಣ್ಣು ಮೆಣಸಿನಕಾಯಿ ಚಟ್ನಿಯ ಕೆಲಸಕ್ಕೆ ಅದೇ ಮುಹೂರ್ತ.

ಕಾಯಿ ತೊಳೆದು, ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಪಸೆ ಆರಿಸುತ್ತಿದ್ದರು. ತೊಟ್ಟು ಮುರಿಯುವುದು ತೊಳೆದ ಮೇಲೆಯೇ. ಮೊದಲೇ ಮುರಿದರೆ ಕಾಯಿಯೊಳಗೆ ನೀರು ಹೊಗುತ್ತದೆ. ಆಮೇಲೆ ಒರಳಿಗೆ ಹರಳುಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯೆ. ಹುಳಿಗೆ ಕೆಲವರದು ಲಿಂಬೆರಸ, ಕೆಲವರದು ಹುಣಸೆಹಣ್ಣು. ಆ ವಾದ ಇಂದಿಗೂ ತೀರಿಲ್ಲ. ಕೈ ಉರಿಗೆ ಎಣ್ಣೆ ಸವರಿಕೊಂಡ ಓಣಿಯ ಹೆಂಗಸರು ಸರದಿಯಲ್ಲಿ ಕುಟ್ಟುತ್ತಿದ್ದರೆ, ಮಕ್ಕಳು ಕೆಮ್ಮುತ್ತ ಬೀದಿಗೆ ಓಡುತ್ತಿದ್ದರು. “ಹಸಿ ಕೈ ಹಾಕಬ್ಯಾಡ್ರೇ!” ಎಂಬ ಗದರಿಕೆ ಮಾತ್ರ ಮನೆಮನೆಯದೂ ಒಂದೇ.

ಜಾಡಿಯನ್ನು ಕಂಠದವರೆಗೆ ತುಂಬುತ್ತಿರಲಿಲ್ಲ. ಮೊದಲ ವಾರ ರಂಜಕ ಹುದುಗಿ ಮೇಲೇರುತ್ತದೆ, ಗಾಳಿ ಬಿಡುತ್ತದೆ. ಅದಕ್ಕೇ ಬಾಯಿಗೆ ಬಿಳಿ ಬಟ್ಟೆ. ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆಹಾರವನ್ನು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸಬೇಕು. ರಂಜಕಕ್ಕೆ ಆ ಉಸಾಬರಿಯಿಲ್ಲ. ಕಾಯುವುದು ಉಪ್ಪು ಮತ್ತು ಹುಳಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ವಿಷದ ಬ್ಯಾಕ್ಟೀರಿಯಾ ಬೆಳೆಯದು. ಬೆಳ್ಳುಳ್ಳಿ ಬಿದ್ದ ಜಾಡಿಗೆ ಹುಳಿ ಬರೀ ರುಚಿಯ ಮಾತಲ್ಲ.

ಪಕ್ಕದ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟದ್ದು 1971ರಲ್ಲಿ. ಸರ್ಕಾರದ ಆ ಕಾರ್ಖಾನೆ ಏಳಲೇ ಇಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಹುಟ್ಟಿದ ಮೇಲೆ ಸುತ್ತಲ ಊರುಗಳ ದಿನಚರಿಗೆ ಶಿಫ್ಟಿನ ಗಡಿಯಾರ ಬಂತು. ರಾತ್ರಿ ಪಾಳಿ ಮುಗಿಸಿ ಮಲಗಿದವರ ತಲೆಯ ಮೇಲೆ ಒನಕೆ ಹಾಕುವುದು ಹೇಗೆ? ಮಿಕ್ಸರು ಬಂತು, ಒರಳಿನ ಸುತ್ತ ಕೂಡುತ್ತಿದ್ದ ಓಣಿ ಚದುರಿತು. ಮಿಕ್ಸರಿನ ರಂಜಕ ನುಣ್ಣಗಾಗುತ್ತದೆ, ಬೀಜ ಹಲ್ಲಿಗೆ ಸಿಗದು. ಜೋಳದ ರೊಟ್ಟಿಗೆ ತರಿತರಿಯೇ ಸೈ ಎನ್ನುವವರ ಪಕ್ಷವೇ ಸರಿ.

ಅದಕ್ಕಿಂತ ದೊಡ್ಡ ಪೆಟ್ಟು ಧೂಳಿನದು. ಚೀನಾದ ಬೇಡಿಕೆಗೆ ಸಂಡೂರಿನ ಬೆಟ್ಟಗಳು ಕರಗುತ್ತಿದ್ದ ವರ್ಷಗಳಲ್ಲಿ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಹೊಲದ ಬೆಳೆಯ ಮೇಲೂ ಮಾಳಿಗೆಯ ಮೇಲೂ ಕೂತಿತು. ಕೆಂಪು ಕಾಯಿಯ ಮೇಲಿನ ಕೆಂಪು ಧೂಳು ಕಣ್ಣಿಗೆ ಬೀಳದು, ಬೆರಳಿಗೇ ತಿಳಿಯಬೇಕು. ಕಾಯಿ ಆರಿಸುವ ಕೆಲಸ ಫ್ಯಾನಿನ ಕೆಳಗೆ ಸರಿಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ನಿಂತವು. ಆ ಹೊತ್ತಿಗೆ ಮಾಳಿಗೆಯ ಮನೆಗಳೇ ಕಡಿಮೆಯಾಗಿದ್ದವು.

ಈಗ ಅಂಗಡಿಯ ರಂಜಕದ ಬಾಟಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರುತ್ತದೆ. ಮನೆಯದು ಬೆಂಗಳೂರಿನ ಮಕ್ಕಳಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೋಗುತ್ತದೆ. ಅವಸರಪಟ್ಟು ಮುಚ್ಚಳ ಬಿಗಿದು ಕಳಿಸಿದವರ ಡಬ್ಬಿ ಬಸ್ಸಿನಲ್ಲೇ ಉಬ್ಬಿ, ಬ್ಯಾಗಿನ ಬಟ್ಟೆಗಳಿಗೆಲ್ಲ ಖಾರ ಹಚ್ಚಿದ್ದುಂಟು. ಬಲ್ಲವರು ಎಂಟು ದಿನ ಮುಚ್ಚಳ ಬದಿಗಿಟ್ಟು, ಡಬ್ಬಿಯ ಬಾಯಿಗೂ ಬಿಳಿ ಬಟ್ಟೆ ಕಟ್ಟುತ್ತಾರೆ.